ಗೆಳೆಯನಿಗೆ ತಾಗಿದ ಗುಂಡಿಗೆ ದಂಡ ಕಟ್ಟಬೇಕಾದ್ದು ಯಾರಿಗೆ?

ಬಾಹ್ಯಾಕಾಶ ಯುದ್ಧದ ಆಟಗಳಲ್ಲಿ ದೊಡ್ಡ ಜಗಳ ನಡೆಯುವುದು ಶತ್ರುವಿನ ಜೊತೆ ಅಲ್ಲ. ಪಕ್ಕದಲ್ಲೇ ಹಾರುತ್ತಿದ್ದ ಗೆಳೆಯನ ನೌಕೆಗೆ ನಮ್ಮ ಗುಂಡು ತಾಗಿದಾಗ ಶುರುವಾಗುತ್ತದೆ ನಿಜವಾದ ರಾಮಾಯಣ. ಇದಕ್ಕೆ ಫ್ರೆಂಡ್ಲಿ ಫೈರ್ ಅಂತ ಹೆಸರು. ಬಿಜಿಎಂಐ ಆಡುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತನ್ನ ತಂಡದವನೇ ಎಸೆದ ಗ್ರೆನೇಡಿಗೆ ಬಿದ್ದವನು ಮೈಕಿನಲ್ಲಿ ಏನೇನು ಬೈಯುತ್ತಾನೆ ಅನ್ನುವುದು ಮನೆಯ ಅಜ್ಜಿಗೂ ಕೇಳಿಸಿರುತ್ತದೆ.

ಆದರೆ ಬಿಜಿಎಂಐನಲ್ಲಿ ಅರ್ಧ ಗಂಟೆಯಲ್ಲಿ ಆಟ ಮುಗಿಯುತ್ತದೆ, ಮುಂದಿನ ಆಟಕ್ಕೆ ಎಲ್ಲರೂ ಮತ್ತೆ ಹೊಸಬರು. ಈವ್ ಆನ್‌ಲೈನ್ ಹಾಗಲ್ಲ. ಐಸ್‌ಲ್ಯಾಂಡ್ ದೇಶದ ಸಿಸಿಪಿ ಗೇಮ್ಸ್ 2003ರ ಮೇ ತಿಂಗಳಲ್ಲಿ ಶುರು ಮಾಡಿದ ಈ ಆಟ ಇವತ್ತಿಗೂ ನಡೆಯುತ್ತಿದೆ. ಚೀನಾ ಬಿಟ್ಟು ಉಳಿದ ಆಟಗಾರರೆಲ್ಲ ಒಂದೇ ಲೋಕದಲ್ಲಿ ಇರುತ್ತಾರೆ. ತಿಂಗಳುಗಟ್ಟಲೆ ಗಣಿ ಅಗೆದು, ವ್ಯಾಪಾರ ಮಾಡಿ ಕಟ್ಟಿಕೊಂಡ ನೌಕೆ ಒಡೆದರೆ ಒಡೆದದ್ದೇ. ಮಾರನೇ ದಿನ ವಾಪಸ್ ಬರುವುದಿಲ್ಲ. ನಿಜವಾದ ದುಡ್ಡು ಕೊಟ್ಟು ಪ್ಲೆಕ್ಸ್ ಎಂಬುದನ್ನು ಕೊಂಡು, ಅದನ್ನು ಆಟದ ದುಡ್ಡಿಗೆ ಮಾರಬಹುದಾದ್ದರಿಂದ ನಷ್ಟವನ್ನು ಡಾಲರಿನಲ್ಲಿ ಲೆಕ್ಕ ಹಾಕಲೂ ಬರುತ್ತದೆ. 2014ರ ಜನವರಿ ಕೊನೆಯಲ್ಲಿ ಬಿ-ಆರ್5ಆರ್‌ಬಿ ಅನ್ನುವ ಜಾಗದಲ್ಲಿ ನಡೆದ ಒಂದೇ ಕಾಳಗದಲ್ಲಿ 75 ಟೈಟನ್ ನೌಕೆಗಳು ನಾಶವಾದವು. ನಷ್ಟ ಸುಮಾರು 3 ಲಕ್ಷ ಡಾಲರ್ ಅಂತ ಲೆಕ್ಕ ಹಾಕಿದರು. ಇಂಥ ಕಡೆ 'ತಪ್ಪಿ ತಾಗಿತು ಕಣೋ' ಅಂದರೆ ಸಾಕಾಗುವುದಿಲ್ಲ.

ಜಿಲ್ಲಾ ವರದಿಗಾರಿಕೆ ಮಾಡುವ ನಾವು ವಾರಕ್ಕೊಂದಾದರೂ ಎಫ್‌ಐಆರ್ ಓದುತ್ತೇವೆ. ಸತ್ತವನು ಒಬ್ಬನೇ ಆದರೂ, ಬೇಕೆಂದೇ ಕೊಂದಿದ್ದರೆ ಒಂದು ಸೆಕ್ಷನ್, ಅಜಾಗರೂಕತೆಯಿಂದ ಆಗಿದ್ದರೆ ಇನ್ನೊಂದು. ಹಿಂದೆ ಐಪಿಸಿ 302 ಮತ್ತು 304ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 103 ಮತ್ತು 106. ಮನಸ್ಸಿನಲ್ಲಿ ಏನಿತ್ತು ಅನ್ನುವುದರ ಮೇಲೆ ಇಡೀ ಕೇಸು ನಿಂತಿರುತ್ತದೆ. ಆಟದ ಕಂಪ್ಯೂಟರಿಗೆ ಮನಸ್ಸು ಓದಲು ಬರುವುದಿಲ್ಲ. ಯಾರ ಗುಂಡು, ಯಾರಿಗೆ ತಾಗಿತು, ಎಷ್ಟು ಹಾನಿಯಾಯಿತು, ಇಷ್ಟೇ ಅದರ ಮುಂದಿರುವ ಸಾಕ್ಷಿ. ಹಾಗಾಗಿ ಫ್ರೆಂಡ್ಲಿ ಫೈರಿಗೆ ಆಟಗಳು ಹಾಕುವ ದಂಡ ಬಹಳ ಸಲ ಅಮಾಯಕನ ತಲೆಗೇ ಬೀಳುತ್ತದೆ. ದಂಡವೇ ಬೇಡ ಅಂತ ನಾವು ಹೇಳುತ್ತಿಲ್ಲ. ದಂಡ ಯಾರ ಕೈಗೆ ಹೋಗುತ್ತದೆ, ದೂರು ಕೊಡುವ ಹಕ್ಕು ಯಾರದ್ದು, ಇವೆರಡನ್ನು ಆಟ ಮಾಡಿದವರು ಸರಿಯಾಗಿ ಯೋಚಿಸಿಲ್ಲ ಅನ್ನುವುದು ನಮ್ಮ ತಕರಾರು.

ಎಲೈಟ್ ಡೇಂಜರಸ್ ತೆಗೆದುಕೊಳ್ಳಿ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಕಂಪನಿ 2014ರ ಡಿಸೆಂಬರಿನಲ್ಲಿ ತಂದ ಆಟ. ಇದರ ಹಿಂದಿರುವ ಡೇವಿಡ್ ಬ್ರೇಬನ್ 1984ರಲ್ಲೇ ಇಯಾನ್ ಬೆಲ್ ಜೊತೆ ಸೇರಿ ಮೊದಲ ಎಲೈಟ್ ಮಾಡಿದವರು. ಇದರಲ್ಲಿ ಉಂಗುರವಿರುವ ಗ್ರಹಗಳ ಬಳಿ ಗಣಿ ತಾಣಗಳಿವೆ. ಅಲ್ಲಿಗೆ ದರೋಡೆಕೋರರು ಬರುತ್ತಾರೆ, ಅವರನ್ನು ಹೊಡೆಯಲು ಪೊಲೀಸ್ ನೌಕೆಗಳೂ ಬರುತ್ತವೆ. ಹೊಸಬನಿಗೆ ನಾಲ್ಕು ಕಾಸು ಸಂಪಾದಿಸಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಪೊಲೀಸರು ಹೊಡೆಯುತ್ತಿರುವ ದರೋಡೆಕೋರನಿಗೆ ನೀವೂ ನಾಲ್ಕು ಏಟು ಹಾಕಿದರೆ ಅವನ ತಲೆಯ ಮೇಲಿನ ಬಹುಮಾನ ನಿಮಗೂ ಸಿಗುತ್ತದೆ. ತೊಂದರೆ ಏನೆಂದರೆ, ಪೊಲೀಸ್ ನೌಕೆ ನೋಡಿಕೊಂಡು ಹಾರುವುದಿಲ್ಲ. ನಿಮ್ಮ ಲೇಸರಿಗೆ ಅಡ್ಡ ಬಂದೇ ಬರುತ್ತದೆ. ಆಟ ಬಂದ ಹೊಸತರಲ್ಲಿ ಹೀಗೆ ಒಂದು ಕಿಡಿ ತಾಗಿದರೂ ಸಾಕಿತ್ತು, ನಿಮ್ಮ ತಲೆಗೇ ಬೆಲೆ ಕಟ್ಟುತ್ತಿದ್ದರು. ಅಲ್ಲಿಯವರೆಗೆ ಜೊತೆಯಾಗಿ ಹೊಡೆದಾಡುತ್ತಿದ್ದ ಪೊಲೀಸರೆಲ್ಲ ನಿಮ್ಮ ಕಡೆ ತಿರುಗುತ್ತಿದ್ದರು. ಸಹಾಯಕ್ಕೆ ಹೋದವನು ಆರೋಪಿ. (ಅಪಘಾತವಾದವರನ್ನು ಆಸ್ಪತ್ರೆಗೆ ಸೇರಿಸಲು ಜನ ಯಾಕೆ ಹೆದರುತ್ತಿದ್ದರು ಅಂತ ಕೇಳುವವರಿಗೆ ಈ ಆಟ ಆಡಿಸಬೇಕು.)

ಇದೇ ಆಟದ ಇನ್ನೊಂದು ಕಾನೂನು ಇನ್ನೂ ಸ್ವಾರಸ್ಯದ್ದು. ನಿಲ್ದಾಣದ ಹತ್ತಿರ ಸೆಕೆಂಡಿಗೆ 100 ಮೀಟರಿಗಿಂತ ವೇಗವಾಗಿ ಹಾರುವಾಗ ಬೇರೆಯವರಿಗೆ ಡಿಕ್ಕಿ ಹೊಡೆದರೆ ತಪ್ಪು ವೇಗವಾಗಿ ಹೋದವನದ್ದು. ಡಿಕ್ಕಿ ತಿಂದವನು ಸತ್ತರೆ ಕೊಲೆ ಕೇಸು. ಕೇಳಲು ಎಷ್ಟು ನ್ಯಾಯ ಅಲ್ಲವೇ? ಕಿಡಿಗೇಡಿಗಳು ಏನು ಮಾಡಿದರು ಗೊತ್ತೇ? ಆಟ ಪುಕ್ಕಟೆ ಕೊಡುವ ಸೈಡ್‌ವೈಂಡರ್ ಎಂಬ ಪುಟ್ಟ ನೌಕೆಯನ್ನು ಸಾಯುವ ಸ್ಥಿತಿಗೆ ತಂದುಕೊಂಡು ನಿಲ್ದಾಣದ ಬಾಗಿಲಲ್ಲಿ ಕಾದು ಕೂತರು. ಯಾರಾದರೂ ಆತುರದಲ್ಲಿ ದೊಡ್ಡ ಸರಕು ನೌಕೆ ತಂದರೆ ಹೋಗಿ ಅದಕ್ಕೆ ತಾವೇ ಡಿಕ್ಕಿ ಹೊಡೆದು ಸತ್ತರು. ಸತ್ತವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಬದುಕಿದವನ ಮೇಲೆ ಕೊಲೆ ಆರೋಪ, ನಿಲ್ದಾಣದ ಫಿರಂಗಿಗಳು ಅವನ ನೌಕೆಯನ್ನು ಸರಕಿನ ಸಮೇತ ಸುಟ್ಟು ಹಾಕುತ್ತವೆ. ಗುಂಡು ಹಾರಿಸದೆ ಕಾನೂನಿನಿಂದಲೇ ಕೊಲ್ಲುವ ವಿದ್ಯೆ ಇದು. ಮನಸ್ಸು ನೋಡದೆ ಬರೀ ಫಲ ನೋಡುವ ಕಾನೂನು ಬರೆದರೆ ಅದನ್ನು ಮೊದಲು ಕಲಿಯುವವನು ಕಿಡಿಗೇಡಿಯೇ.

ಈವ್ ಆನ್‌ಲೈನಿನಲ್ಲಿ ಪೊಲೀಸರ ಹೆಸರು ಕಾನ್ಕಾರ್ಡ್. ಸುರಕ್ಷಿತ ಪ್ರದೇಶದಲ್ಲಿ ಕಾರಣವಿಲ್ಲದೆ ಇನ್ನೊಬ್ಬನಿಗೆ ಹೊಡೆದರೆ ಕೆಲವೇ ಸೆಕೆಂಡಿನಲ್ಲಿ ಬಂದು ನಿಮ್ಮ ನೌಕೆ ಒಡೆಯುತ್ತಾರೆ. ತಪ್ಪಿಸಿಕೊಳ್ಳುವುದೇ ಆಟದ ನಿಯಮಕ್ಕೆ ವಿರುದ್ಧ. ಇವರು ಕಾಪಾಡಲು ಬರುವವರಲ್ಲ, ಶಿಕ್ಷೆ ಕೊಡಲು ಬರುವವರು. ಶಿಕ್ಷೆ ಇಷ್ಟು ಖಚಿತ ಅಂದಮೇಲೆ ಅಪರಾಧ ನಿಂತಿರಬೇಕಿತ್ತು. ನಿಲ್ಲಲಿಲ್ಲ. ಅಗ್ಗದ ನೌಕೆಗಳಲ್ಲಿ ಗುಂಪು ಕಟ್ಟಿಕೊಂಡು ಬಂದು, ಕಾನ್ಕಾರ್ಡ್ ಬರುವುದರೊಳಗೆ ದುಬಾರಿ ಸರಕು ನೌಕೆ ಒಡೆದು, ತಾವೂ ಸತ್ತು, ಬಿದ್ದ ಮಾಲನ್ನು ಇನ್ನೊಬ್ಬ ಗೆಳೆಯನ ಕೈಯಲ್ಲಿ ಎತ್ತಿಸುತ್ತಾರೆ. ಶಿಕ್ಷೆ ಅವರಿಗೆ ವ್ಯಾಪಾರದ ಖರ್ಚು. ತಮಾಷೆ ಏನೆಂದರೆ, 2011ರವರೆಗೆ ಕಾನ್ಕಾರ್ಡ್ ಒಡೆದ ನೌಕೆಗೂ ವಿಮೆ ದುಡ್ಡು ಸಿಗುತ್ತಿತ್ತು! ಪೊಲೀಸರು ಜಪ್ತಿ ಮಾಡಿದ ಕಳ್ಳನ ಗಾಡಿಗೆ ಕ್ಲೇಮು ಕೊಟ್ಟ ಹಾಗೆ.

2012ರ ಡಿಸೆಂಬರಿನಲ್ಲಿ ಸಿಸಿಪಿ ಒಂದು ಒಳ್ಳೆಯ ಕೆಲಸ ಮಾಡಿತು. ಪ್ರತಿ ನೌಕೆಗೂ ಸೇಫ್ಟಿ ಗುಂಡಿ ಕೊಟ್ಟಿತು: ಹಸಿರು, ಹಳದಿ, ಕೆಂಪು. ಹಸಿರಿನಲ್ಲಿ ಇಟ್ಟರೆ ಅಪರಾಧ ಆಗುವ ಕೆಲಸ ಮಾಡಲು ನೌಕೆಯೇ ಒಪ್ಪುವುದಿಲ್ಲ. ಕೆಂಪಿಗೆ ತಿರುಗಿಸಿದವನು ಮಾತ್ರ ಕಾನ್ಕಾರ್ಡ್ ಕೈಗೆ ಸಿಗುವಂಥ ಅಪರಾಧ ಮಾಡಬಲ್ಲ. ಹಾಗಾಗಿ 'ಗೊತ್ತಾಗಲಿಲ್ಲ ಸಾರ್' ಅನ್ನುವಂತಿಲ್ಲ. ಮನಸ್ಸು ಓದಲಾಗದ ಯಂತ್ರ ಕಡೇಪಕ್ಷ ಮನಸ್ಸನ್ನು ಮುಂಚೆಯೇ ಕೇಳಿ ಬರೆದಿಟ್ಟುಕೊಂಡಿತು. ನಮ್ಮ ಪ್ರಕಾರ ಫ್ರೆಂಡ್ಲಿ ಫೈರ್ ವಿಷಯದಲ್ಲಿ ಯಾವುದೇ ಆಟ ತಂದ ಬುದ್ಧಿವಂತ ನಿಯಮಗಳಲ್ಲಿ ಇದೂ ಒಂದು.

ಆದರೆ ಒಂದೇ ಕಂಪನಿಯ ಸದಸ್ಯರ ನಡುವೆ ಆಗ ಯಾವ ಕಾನೂನೂ ಇರಲಿಲ್ಲ. ಈವ್‌ನಲ್ಲಿ ಆಟಗಾರರು ಕಟ್ಟಿಕೊಳ್ಳುವ ಸಂಘಕ್ಕೆ ಕಾರ್ಪೊರೇಷನ್ ಅನ್ನುತ್ತಾರೆ. ಒಂದೇ ಸಂಘದವರು ಅಭ್ಯಾಸಕ್ಕೆ ಪರಸ್ಪರ ಹೊಡೆದುಕೊಂಡರೆ ಪೊಲೀಸರು ಬರುತ್ತಿರಲಿಲ್ಲ. ಅಣ್ಣತಮ್ಮಂದಿರ ಜಗಳಕ್ಕೆ ಹೊರಗಿನವರು ಯಾಕೆ ಅನ್ನುವ ಲೆಕ್ಕ. ಇದನ್ನೇ ಹಿಡಿದು ಮೋಸಗಾರರು ಹೊಸ ಸದಸ್ಯರ ಹಾಗೆ ಸಂಘಕ್ಕೆ ಸೇರಿ, ನಂಬಿಕೆ ಗಳಿಸಿ, ಒಂದು ದಿನ ಸಂಘದವರದ್ದೇ ದುಬಾರಿ ನೌಕೆ ಒಡೆದು ಹೋಗುತ್ತಿದ್ದರು. ಇದಕ್ಕೆ ಅವಾಕ್ಸಿಂಗ್ ಎಂದು ಹೆಸರೇ ಬಂತು. ಪರಿಣಾಮ ಬಿದ್ದದ್ದು ಯಾರ ಮೇಲೆ? ನಿಜವಾದ ಹೊಸಬರ ಮೇಲೆ. ಅವರನ್ನು ಸೇರಿಸಿಕೊಳ್ಳಲು ಸಂಘಗಳು ಹೆದರಿದವು. ಸೇರಬೇಕಾದರೆ ಖಾತೆಯ ಪೂರ್ವಾಪರ ತೋರಿಸು ಅಂದವು. ಈ ಆಟ ಒಬ್ಬರೇ ಆಡಿದರೆ ಬೇಜಾರು, ಸಂಘ ಸಿಗದವನು ಬಿಟ್ಟು ಹೋಗುತ್ತಾನೆ. ಕೊನೆಗೆ 2015ರ ಹೊತ್ತಿಗೆ ಸಂಘದೊಳಗೆ ಹೊಡೆದಾಟ ಕಾನೂನುಬದ್ಧವೋ ಅಲ್ಲವೋ ಅಂತ ಸಂಘವೇ ತೀರ್ಮಾನಿಸುವ ಸ್ವಿಚ್ ಬಂತು. ಹಳಬರು ಕೆಲವರು ಗೊಣಗಿದರು, ಮೋಸವೂ ಆಟದ ಮಜಾ ಅಂದರು. ನಮಗೆ ಆ ವಾದ ಒಪ್ಪಿಗೆಯಿಲ್ಲ. ಮಜಾ ಇದ್ದದ್ದು ಹಳಬನಿಗೆ, ಬಾಗಿಲು ಮುಚ್ಚಿದ್ದು ಹೊಸಬನಿಗೆ.

ಇಷ್ಟಾದರೂ ಒಂದು ಕೊರತೆ ಉಳಿದೇ ಇದೆ. ಕಾನ್ಕಾರ್ಡ್ ಬಂದು ಹೊಡೆದವನ ನೌಕೆ ಒಡೆದರೆ ಪೆಟ್ಟು ತಿಂದವನಿಗೆ ಏನು ಬಂತು? ಎಲೈಟ್‌ನಲ್ಲಿ ಕಟ್ಟಿದ ದಂಡ ಸರ್ಕಾರಕ್ಕೆ. ನಮ್ಮಲ್ಲಿ ರಸ್ತೆ ಅಪಘಾತವಾದರೆ ಚಾಲಕನ ಮೇಲಿನ ಕ್ರಿಮಿನಲ್ ಕೇಸು ಒಂದು ಕಡೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕ್ಲೇಮು ಇನ್ನೊಂದು ಕಡೆ. ನೊಂದ ಮನೆಗೆ ಅನ್ನ ಹಾಕುವುದು ಎರಡನೆಯದು. ಈ ಎರಡನೆಯ ದಾರಿ ಆಟದ ಕಾನೂನಿನಲ್ಲಿ ಇಲ್ಲ.

ಇರುವುದು ಆಟಗಾರರ ಪದ್ಧತಿಯಲ್ಲಿ. ಈವ್‌ನ ದೂರದ ಪ್ರದೇಶಗಳಲ್ಲಿ ಕಾನ್ಕಾರ್ಡ್ ಇಲ್ಲವೇ ಇಲ್ಲ. ಅಲ್ಲಿ ನೂರಾರು ನೌಕೆಗಳು ಒಟ್ಟಿಗೆ ಕಾದಾಡುವಾಗ ಬಾಂಬಿನ ಸುತ್ತಳತೆಯಲ್ಲಿ ಗೆಳೆಯರೂ ಸಿಕ್ಕಿ ಸಾಯುತ್ತಾರೆ. ಪೊಲೀಸರಿಲ್ಲದ ಆ ಊರಿನಲ್ಲಿ ಬಹಳ ಒಕ್ಕೂಟಗಳು ತಾವೇ ಕಟ್ಟಳೆ ಮಾಡಿಕೊಂಡಿವೆ: ನಮ್ಮವನ ನೌಕೆ ಒಡೆದೆಯಾ, ಅದರ ಬೆಲೆ ಅವನ ಕೈಗೆ ಕೊಡು, ಕ್ಷಮೆ ಕೇಳು, ಮುಂದಿನ ಕಾಳಗಕ್ಕೆ ಬಾ. ಕೊಡದೆ ಓಡಿದವನು ಅಥವಾ ಮತ್ತೆ ಮತ್ತೆ ಮಾಡುವವನು ಒಕ್ಕೂಟದಿಂದ ಹೊರಗೆ. ಅರಳಿಕಟ್ಟೆ ಪಂಚಾಯಿತಿಯಲ್ಲಿ ದನ ಮೇಯಿಸಿದ ಹೊಲಕ್ಕೆ ನಷ್ಟ ಕಟ್ಟಿಕೊಡುವ ಥರವೇ. ಕಂಪ್ಯೂಟರು ಮಾಡಲಾಗದ ಕೆಲಸವನ್ನು ಇಲ್ಲಿ ಮನುಷ್ಯರು ಮಾಡುತ್ತಾರೆ, ಬೇಕೆಂದೇ ಮಾಡಿದ್ದೋ ಕೈತಪ್ಪಿದ್ದೋ ಅಂತ ಕೇಳಿ ತೀರ್ಮಾನಿಸುತ್ತಾರೆ. ಮುಲಾಜು ನಡೆಯುತ್ತದೆ, ದೊಡ್ಡವರ ಗೆಳೆಯರಿಗೆ ಮಾಫಿಯೂ ಸಿಗುತ್ತದೆ, ಪಂಚಾಯಿತಿ ಅಂದಮೇಲೆ ಅದು ಇದ್ದದ್ದೇ. ಆದರೂ ನಷ್ಟ ತಿಂದವನ ಕೈಗೆ ನಷ್ಟ ಸೇರುವ ಪದ್ಧತಿ ನಾವು ಕಂಡದ್ದು ಇದೊಂದೇ. ಆಟ ಮಾಡುವ ಕಂಪನಿಗಳು ಇದನ್ನು ನಿಯಮವಾಗಿ ತರಲು ಅಡ್ಡಿಯೇನು? ದಂಡ ಎಷ್ಟು ಅಂತ ಲೆಕ್ಕ ಹಾಕುವ ಯಂತ್ರಕ್ಕೆ ಅದನ್ನು ಯಾರ ಖಾತೆಗೆ ಹಾಕಬೇಕು ಅನ್ನುವುದು ಕಷ್ಟದ ಲೆಕ್ಕವಲ್ಲ.

ದೂರಿನ ಹಕ್ಕಿನ ವಿಷಯದಲ್ಲಿ ಎಲೈಟ್ ಅರ್ಧ ದಾರಿ ಬಂದಿದೆ ಅಂತ ಒಪ್ಪಲೇಬೇಕು. ನನ್ನ ಮೇಲಾದ ಅಪರಾಧವನ್ನು ವರದಿ ಮಾಡು ಅನ್ನುವ ಸ್ವಿಚ್ ಅದರ ಬಲಗಡೆಯ ಪ್ಯಾನೆಲ್‌ನಲ್ಲಿ ಇದೆ. ಅದನ್ನು ಆಫ್ ಮಾಡಿದರೆ ಗೆಳೆಯನ ಗುಂಡು ನಿಮಗೆ ತಾಗಿದರೂ ಅವನ ಮೇಲೆ ಕೇಸಾಗುವುದಿಲ್ಲ. ಗೆಳೆಯರ ಜೊತೆ ಬೇಟೆಗೆ ಹೊರಡುವ ಮುನ್ನ ಎಲ್ಲರೂ ಅದನ್ನು ಆಫ್ ಮಾಡಿ. ಒಬ್ಬರೇ ಹಾರುವಾಗ ಮರೆಯದೆ ಆನ್ ಮಾಡಿ, ಇಲ್ಲದಿದ್ದರೆ ದರೋಡೆಕೋರ ಬಂದು ಹೊಡೆದಾಗಲೂ ಪೊಲೀಸರು ಬರುವುದಿಲ್ಲ.