ಹೆಸರಿನ ಕೆರೆಗೆ ಕೊಡಗೆ ಯಾರದು?

ಕನ್ನಡ ನಾಡಿನ ಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಬೇಗನೆ ಎದ್ದು ತೋರುತ್ತದೆ. ಕೆರೆಯನ್ನು ಕಟ್ಟಿಸಿದವನ ಕೀರ್ತಿಯನ್ನು ಕವಿ ಎಷ್ಟೇ ಕೊಂಡಾಡಲಿ, ಶಾಸನ ಅಲ್ಲಿಗೇ ಮುಗಿಯುವುದಿಲ್ಲ. ಏರಿಯನ್ನು ಕಾಯುವವನಿಗೆ ಇಷ್ಟು ಭೂಮಿ, ಹೂಳೆತ್ತುವ ಬಂಡಿಗೆ ಇಷ್ಟು ಆದಾಯ ಎಂಬ ಏರ್ಪಾಡೂ ಎಷ್ಟೋ ಕಡೆ ಅದೇ ಕಲ್ಲಿನ ಮೇಲಿರುತ್ತದೆ. ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಬಳಕೆಗೆ ಬಂದದ್ದು ಈ ವಿವೇಕದಿಂದಲೇ.

ಈ ಹಳೆಯ ಮಾತನ್ನು ಎತ್ತಿದ್ದಕ್ಕೆ ಕಾರಣವುಂಟು. ನಮ್ಮ ಕಾಲದಲ್ಲಿಯೂ ಲೋಕಕ್ಕೆಲ್ಲ ಸಾಮಾನ್ಯವಾದ ಒಂದು ಕೆರೆಯಿದೆ; ಅದರ ಕೊಡಗೆಯ ಚಿಂತೆ ನಮ್ಮಲ್ಲಿ ಬಹಳ ಮಂದಿಗಿಲ್ಲ. ಅಂತರಜಾಲದ ಹೆಸರುಗಳ ವ್ಯವಸ್ಥೆಯ ಮಾತನ್ನು ಆಡುತ್ತಿದ್ದೇನೆ. ಬಲ್ಲವರು ಡಿಎನ್‌ಎಸ್ ಎನ್ನುವರು. ಕನ್ನಡದ ಉಪನ್ಯಾಸಕನಿಗೇಕೆ ಈ ಗೊಡವೆ ಎಂದು ವಾಚಕರು ಕೇಳಬಹುದು. ಕೇಶಿರಾಜನು ನಾಮಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನಲ್ಲವೆ? ಅಲ್ಲದೆ 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗದಂಥ ಊರಿನವರಿಗೆ, ಹೆಸರು ಯಾವ ದಫ್ತರದಲ್ಲಿ, ಯಾವ ಲಿಪಿಯಲ್ಲಿ ಇರುತ್ತದೆಂಬುದು ಸಣ್ಣ ವಿಷಯವಲ್ಲ.

ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕೆಗಳಿಂದ. ಮನುಷ್ಯರಿಗೆ ನೆನಪುಳಿಯುವುದು ಹೆಸರು. ವಿದ್ಯಾರ್ಥಿಯೊಬ್ಬನು ಕರ್ನಾಟಕ ಸರಕಾರದ 'ಕಣಜ' ಜಾಲತಾಣದ ಹೆಸರನ್ನು ಬರೆದರೆ, ಅದನ್ನು ಅಂಕೆಗೆ ತಿರುಗಿಸಿ ಹೇಳುವ ಯಂತ್ರ ಎಲ್ಲಿಯೋ ಇರಬೇಕು. ಅಂಚೆಯವರು ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದುವಂತೆ, ಮೊದಲು ಬೆಳಗಾವಿ ಜಿಲ್ಲೆ, ಆಮೇಲೆ ರಾಯಬಾಗ ತಾಲೂಕು, ಕೊನೆಗೆ ಚಿಂಚಲಿ ಎಂಬಂತೆ, ಆ ಯಂತ್ರವು ಹೆಸರನ್ನು ಬಲದಿಂದ ಎಡಕ್ಕೆ ಓದಿ, ಒಬ್ಬರಿಂದ ಇನ್ನೊಬ್ಬರಲ್ಲಿ ವಿಚಾರಿಸುತ್ತ ಹೋಗುತ್ತದೆ. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಇದೆಲ್ಲ ಮುಗಿದಿರುತ್ತದೆ. ಆದುದರಿಂದಲೇ ಅದು ನಡೆಯಿತೆಂಬ ಅರಿವು ಯಾರಿಗೂ ಉಂಟಾಗುವುದಿಲ್ಲ.

ಮೊದಲು ಯಂತ್ರಗಳು ಕೆಲವೇ ಇದ್ದಾಗ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬವರ ತಂಡ ಎಲ್ಲ ಹೆಸರುಗಳ ಒಂದೇ ಪಟ್ಟಿಯನ್ನು ಇಟ್ಟುಕೊಂಡಿತ್ತು. ಪಟ್ಟಿ ಬೆಳೆದು ಕೈಮೀರಿದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಹಂಚಿಕೆಯ ಈ ಕ್ರಮವನ್ನು ರೂಪಿಸಿದರು. ಮರುವರ್ಷವೇ ಬರ್ಕ್ಲಿ ವಿಶ್ವವಿದ್ಯಾನಿಲಯದ ನಾಲ್ವರು ವಿದ್ಯಾರ್ಥಿಗಳು ಅದಕ್ಕೆ ಬೈಂಡ್ ಎಂಬ ತಂತ್ರಾಂಶವನ್ನು ಬರೆದರು. ವಿದ್ಯಾರ್ಥಿಗಳು ಎಂಬ ಮಾತನ್ನು ನಮ್ಮ ಹುಡುಗರು ಗಮನಿಸಬೇಕು. ಅದರ ಬರೆವಣಿಗೆ ಎಲ್ಲರಿಗೂ ತೆರೆದದ್ದು: ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು, ಬೆಲೆಯಿಲ್ಲ. ಇಂದು ಅದನ್ನು ಕಾಯುತ್ತಿರುವುದು ಇಂಟರ್‌ನೆಟ್ ಸಿಸ್ಟಮ್ಸ್ ಕನ್ಸಾರ್ಟಿಯಂ ಎಂಬ, ಲಾಭವನ್ನು ಬಯಸದ ಒಂದು ಸಂಸ್ಥೆ. ನೆದರ್‌ಲ್ಯಾಂಡ್ಸ್‌ನ ಎನ್‌ಎಲ್‌ನೆಟ್ ಲ್ಯಾಬ್ಸ್ ಎಂಬ ಸಂಸ್ಥೆಯ ಅನ್‌ಬೌಂಡ್ ಎಂಬುದೂ ಇಂಥದೇ.

ಕಾಯುವುದೆಂದರೇನು? 2024ರ ಫೆಬ್ರುವರಿಯಲ್ಲಿ ಜರ್ಮನಿಯ ಸಂಶೋಧಕರು ಕೀಟ್ರ್ಯಾಪ್ ಎಂಬ ದೋಷವನ್ನು ಬಹಿರಂಗಪಡಿಸಿದರು. ಅದರ ಬೇರು ಎರಡು ದಶಕಗಳಿಗೂ ಹಿಂದಿನ ನಿಯಮಗಳಲ್ಲಿತ್ತು. ಕೇಡಿಗನು ಕಳಿಸಿದ ಒಂದೇ ಒಂದು ಸಂದೇಶ ಕೆಲವು ತಂತ್ರಾಂಶಗಳನ್ನು ಹದಿನಾರು ಗಂಟೆಗಳವರೆಗೂ ಮೂಕವಾಗಿಸಬಹುದಾಗಿತ್ತು. ತಿಂಗಳುಗಟ್ಟಲೆ ಗುಟ್ಟಾಗಿ ದುಡಿದು, ಬೈಂಡ್, ಅನ್‌ಬೌಂಡ್ ಮೊದಲಾದವುಗಳ ಪಾಲಕರು ತಿದ್ದುಪಡಿಯನ್ನು ಒಟ್ಟಿಗೆ ಹೊರತಂದರು. ರಾಯಬಾಗದಲ್ಲಿ ಆ ದಿನವೂ ಎಂದಿನಂತೆ ರೈಲಿನ ಟಿಕೀಟು ಸಿಕ್ಕಿತು, ಬ್ಯಾಂಕಿನ ವ್ಯವಹಾರ ನಡೆಯಿತು. ಏರಿ ಒಡೆಯದಿದ್ದುದು ಯಾವ ಪತ್ರಿಕೆಗೆ ಸುದ್ದಿಯಾದೀತು?

ಹೊಸದನ್ನು ಕಟ್ಟುವ ಹಂಬಲ ಅವರಲ್ಲಿಯೂ ಇಲ್ಲದಿಲ್ಲ. 2009ರಲ್ಲಿ ಅದೇ ಸಂಸ್ಥೆ ಬೈಂಡ್ 10 ಎಂಬ ಹೊಚ್ಚ ಹೊಸ ಕಟ್ಟಡಕ್ಕೆ ಕೈಹಾಕಿತು, 2014ರಲ್ಲಿ ಕೈಬಿಟ್ಟಿತು. 2000ದ ಬೈಂಡ್ 9 ಮಾತ್ರ ತೇಪೆ ಹಚ್ಚಿಸಿಕೊಳ್ಳುತ್ತ ಇಂದಿಗೂ ದುಡಿಯುತ್ತಿದೆ. ಹೊಸ ಕೃತಿಯ ಬಿಡುಗಡೆಗೆ ಹಾರ ತರುವ, ಹಳೆಯ ನಿಘಂಟಿನ ಪರಿಷ್ಕರಣಕ್ಕೆ ಕಾಸು ಬಿಚ್ಚದ ನಮ್ಮ ಸಾಹಿತ್ಯಲೋಕಕ್ಕೆ ಇದು ತೀರ ಅಪರಿಚಿತವಾದ ಕಥೆಯೇನಲ್ಲ.

ಕನ್ನಡಕ್ಕೂ ಇದರಲ್ಲಿ ಪಾಲಿದೆ. ಅಂತರಜಾಲದ ಹೆಸರಿನ ಕೊನೆಯಲ್ಲಿ ಈಗ ಕನ್ನಡ ಅಕ್ಷರಗಳಲ್ಲಿಯೇ 'ಭಾರತ' ಎಂದು ಬರೆಯಬಹುದು. ಹಳೆಯ ವ್ಯವಸ್ಥೆಗೆ ರೋಮನ್ ಲಿಪಿ ಮಾತ್ರ ಪಳಗಿದ್ದುದರಿಂದ ಒಳಗೆ ಅದು 'ಎಕ್ಸ್, ಎನ್, ಎರಡು ಅಡ್ಡಗೆರೆ, 2, ಎಸ್, ಸಿ, ಆರ್, ಜೆ, 9, ಸಿ' ಎಂಬ ವಿಚಿತ್ರ ವೇಷವನ್ನು ಧರಿಸುತ್ತದೆ! ಕಿವಿಗೆ ಕಠೋರವಾದರೂ ಯುಕ್ತಿ ಮೆಚ್ಚತಕ್ಕದ್ದು. ಹಳೆಯ ಏರಿಯನ್ನು ಒಡೆಯದೆ ಹೊಸ ತೂಬನ್ನು ಇಟ್ಟಂತಾಯಿತು. ಆದರೂ ಕನ್ನಡದ ಹೆಸರನ್ನು ಒಪ್ಪದ ಅರ್ಜಿನಮೂನೆಗಳು ಇನ್ನೂ ಎಷ್ಟೋ ಇವೆ. ಇದನ್ನು ಡಚ್ಚರೋ ಅಮೆರಿಕನ್ನರೋ ಬಂದು ಸರಿಪಡಿಸಲಿ ಎಂದು ಕಾಯುವುದು ನ್ಯಾಯವೆ?

ಬಡ ನಾಡು ನಮ್ಮದು, ದೊಡ್ಡ ಕಂಪನಿಗಳು ಕೊಡಲಿ ಎಂಬ ವಾದವುಂಟು. ಅವು ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಒಬ್ಬ ಧಣಿಯ ದಾನದಿಂದಲೇ ನಿಂತ ಕೆರೆಯ ನೀರಿನ ಸರದಿಯನ್ನು ಮುಂದೊಂದು ದಿನ ಆ ಧಣಿಯೇ ನಿಶ್ಚಯಿಸಿಯಾನು. ಮೇಲಾಗಿ ಇಲ್ಲಿ ಬೇಕಾದ ಕೊಡಗೆ ಹಣವೊಂದೇ ಅಲ್ಲ, ಓದಬಲ್ಲ ಕಣ್ಣೂ ತಿದ್ದಬಲ್ಲ ಕೈಯೂ ಹೌದು. ಅವುಗಳ ಬರ ನಮಗಿಲ್ಲ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ನಮ್ಮ ಬೆಳಗಾವಿಯಲ್ಲಿಯೇ ಇದೆ. ಇಂಜಿನಿಯರಿಂಗ್ ಓದುವ ಹುಡುಗರು ಕೊನೆಯ ವರ್ಷದಲ್ಲಿ ಹೊಸದೊಂದನ್ನು ಕಟ್ಟಿ, ಅಂಕ ಪಡೆದು, ಅದನ್ನು ಮರೆಯುವುದೇ ರೂಢಿ. ಅದಕ್ಕೆ ಬದಲಾಗಿ, ಲೋಕವೆಲ್ಲ ಬಳಸುವ ಇಂಥ ತಂತ್ರಾಂಶದ ಒಂದು ದೋಷವನ್ನು ತಿದ್ದಿದವನಿಗೂ, ಅದರ ಕೈಪಿಡಿಯ ಒಂದು ಅಧ್ಯಾಯವನ್ನು ಕನ್ನಡಿಸಿದವನಿಗೂ ಅಷ್ಟೇ ಅಂಕ ಸಲ್ಲುವಂತೆ ನಿಯಮ ಮಾಡಬಾರದೇಕೆ? ಬೆಲೆಕಟ್ಟುವುದು ಹೇಗೆಂದು ಪರೀಕ್ಷಕರು ಶಂಕಿಸಬೇಕಾಗಿಲ್ಲ. ತೆರೆದ ಬರೆವಣಿಗೆಯಲ್ಲಿ ತಿದ್ದುವ ಮೊದಲಿನ ಸಾಲೂ ತಿದ್ದಿದ ಸಾಲೂ ತಿದ್ದಿದವರ ಹೆಸರೂ ದಾಖಲಾಗಿರುತ್ತವೆ. ಹುಡುಗನ ತಿದ್ದುಪಡಿಯನ್ನು ಅಲ್ಲಿಯ ಪಾಲಕರು ಒಪ್ಪಿದರೋ ಇಲ್ಲವೋ ಎಂಬುದನ್ನೂ ಬೆಳಗಾವಿಯಲ್ಲಿ ಕುಳಿತೇ ನೋಡಬಹುದು.