ಗಿರಣಿಗೆ ಬಂದ ಕಣ್ಣು

ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಕಣ್ಣುಳ್ಳ ಯಂತ್ರಗಳು ಬಂದಿವೆ. ಅಕ್ಕಿಯು ಇಳಿಜಾರು ದೋಣಿಗಳಲ್ಲಿ ಜಾರಿ ಬೀಳುವಾಗ ಕ್ಯಾಮರಾ ಒಂದೊಂದು ಕಾಳನ್ನೂ ನೋಡುತ್ತದೆ. ಕಪ್ಪಾದುದು, ಹಳದಿಗಟ್ಟಿದುದು ಕಂಡರೆ ರೆಪ್ಪೆ ಬಡಿಯುವುದರೊಳಗಾಗಿ ಗಾಳಿಯ ಚಿಮ್ಮೊಂದು ಅದನ್ನು ಅತ್ತ ಹಾರಿಸುತ್ತದೆ. ಪೇಟೆಯವರು ಇದನ್ನು ‘ಸಾರ್ಟೆಕ್ಸ್’ ಎನ್ನುತ್ತಾರೆ. ಮೊರದಲ್ಲಿ ಅಕ್ಕಿ ಕೇರಿ, ಕಲ್ಲು ಕರಿಕಾಳು ಆರಿಸಿ ಹಸನು ಮಾಡುತ್ತಿದ್ದ ಹೆಂಗಸಿನ ಕಣ್ಣಿನ ಕೆಲಸವೇ ಇದು. ಯಂತ್ರಕ್ಕೆ ದಣಿವಿಲ್ಲ, ಅದರ ಗಮನ ತೊಟ್ಟಿಲ ಕೂಸಿನ ಕಡೆಗೆ ಹರಿಯುವುದೂ ಇಲ್ಲ.

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಗಂಗಾವತಿಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಕುಷ್ಟಗಿ, ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿ ಉಳಿದವು. ಅಲ್ಲಿ ಮಳೆ ಕೈಕೊಟ್ಟ ವರುಷ ನಾಟಿಗೂ ಕೊಯ್ಲಿಗೂ ಜನ ನೀರಾವರಿ ಸೀಮೆಗೆ ಇಳಿದು ಬರುತ್ತಿದ್ದರು. ಈಗ ಕಟಾವು ಯಂತ್ರವು ಕೊಯ್ದು, ಒಕ್ಕಿ, ತೂರಿ, ಕಾಳನ್ನು ಟ್ರ್ಯಾಕ್ಟರಿಗೆ ಸುರಿದು, ಹೆಚ್ಚುಕಡಿಮೆ ಒಂದು ತಾಸಿನಲ್ಲಿ ಎಕರೆಯನ್ನು ಮುಗಿಸುತ್ತದೆ. ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ರೈತನಿಗಾಗುವ ಸಂಕಟವನ್ನು ಬಲ್ಲವರು ಆ ಯಂತ್ರವನ್ನು ಹಳಿಯಲಾರರು. ಕೆಸರಿನಲ್ಲಿ ದಿನವಿಡೀ ನಡು ಬಗ್ಗಿಸಿ ನಿಂತವರ ಮುಂದೆ ಕೈದುಡಿಮೆಯ ಮಹಿಮೆಯನ್ನು ಹಾಡುವುದು, ಕುರ್ಚಿಯಲ್ಲಿ ಕುಳಿತು ಬರೆಯುವ ನನ್ನಂಥವರಿಗೆ ಬಲು ಸುಲಭ.

ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಹಳ್ಳಿಯ ಮನೆಗಳಲ್ಲಿ ಬೀಸುವ ಕಲ್ಲು ತಿರುಗುತ್ತಿತ್ತು. ಆಮೇಲೆ ಹಿಟ್ಟಿನ ಗಿರಣಿ ಬಂದಿತು. ನಮ್ಮ ತಾಯಂದಿರಿಗೆ ನಸುಕಿನ ನಿದ್ದೆ ದಕ್ಕಿತು. ಹಾಡಿನ ಸಲುವಾಗಿ ಆ ನಿದ್ದೆಯನ್ನು ಮರಳಿ ಕೊಡಿರೆಂದು ಯಾವ ರಸಿಕನೂ ಕೇಳಬಾರದು. ಆದರೆ ಇಲ್ಲೊಂದು ಭೇದವುಂಟು. ಹಿಟ್ಟಿನ ಗಿರಣಿ ಉಳಿಸಿದ ಹೊತ್ತು ಬೀಸುತ್ತಿದ್ದವಳ ಪಾಲಿಗೇ ಬಂದಿತು. ಕಟಾವು ಯಂತ್ರ ಉಳಿಸಿದ ಹೊತ್ತು ಕೊಯ್ಯುತ್ತಿದ್ದವಳ ಪಾಲಿಗೆ ಕೂಲಿಯಿಲ್ಲದ ದಿನವಾಗಿ ಬರುತ್ತದೆ. ಬಿಡುವು ಎಂಬ ಮಾತು ಇಬ್ಬರಿಗೂ ಒಂದೇ. ಒಲೆಯ ಮೇಲಿನ ಗಡಿಗೆ ಮಾತ್ರ ಒಂದೇ ಅಲ್ಲ.

ಕೂಲಿಯ ಲೆಕ್ಕಕ್ಕೆ ಸಿಗದ ನಷ್ಟವೂ ಒಂದಿದೆ. ಕಾಳನ್ನು ಹಲ್ಲಿನಲ್ಲಿ ಕಡಿದು ‘ಇನ್ನೊಂದು ಬಿಸಿಲು ಬೇಕು’ ಎಂದು ಹದ ಹೇಳುವ ಹಿರಿಯಳೊಬ್ಬಳು ಕಣದಲ್ಲಿರುತ್ತಿದ್ದಳು. ಇಂದು ತೇವಾಂಶ ಅಳೆಯುವ ಪುಟ್ಟ ಸಾಧನ ಅಂಕೆ ತೋರಿಸುತ್ತದೆ. ಬಹುಶಃ ಆಕೆಗಿಂತ ಸರಿಯಾಗಿಯೇ ತೋರಿಸುತ್ತದೆ. ಆದರೆ ಆಕೆಯನ್ನು ಕೇಳುವವರು ಈಗ ಇಲ್ಲ. ಮನುಷ್ಯನು ಕೆಲಸದಿಂದ ಅನ್ನವನ್ನಷ್ಟೇ ಅಲ್ಲ, ನಾಲ್ವರ ನಡುವೆ ಒಂದು ಮಾತಿನ ತೂಕವನ್ನೂ ಪಡೆಯುತ್ತಾನೆ. ಅದು ಹೋದಾಗ ಆಗುವ ಕುಗ್ಗುವಿಕೆಯನ್ನು ನಾವು ಸೋಮಾರಿತನವೆಂದು ಕರೆದುಬಿಡುತ್ತೇವೆ. ನಿಬಂಧ ಬರೆದುಕೊಡುವ ಯಂತ್ರ ವಿದ್ಯಾರ್ಥಿಗಳ ಜೇಬಿಗೆ ಬಂದಿರುವಾಗ ಈ ದುಗುಡ ಅಧ್ಯಾಪಕರಿಗೂ ಹೊಸದಾಗಿ ಉಳಿದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಮುಂದಿನ ಬೆಳೆಯ ನೀರೆಲ್ಲ ಹೊಳೆಗೆ ಹರಿಯುತ್ತಿತ್ತು. ಆಗ ಕರೆಸಿದ್ದು ಗೇಟುಗಳ ಕೆಲಸದಲ್ಲಿ ನುರಿತ ಹಿರಿಯ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಬಾಯಿ ಮುಚ್ಚಲಾಯಿತು. ಕ್ರೇನುಗಳಿದ್ದವು, ನಿಜ. ಎಲ್ಲಿ ಹಿಡಿಯಬೇಕು, ಎಂದು ಬಿಡಬೇಕು ಎಂಬುದು ಕೆಲಸಗಾರರ ಅನುಭವದಲ್ಲಿತ್ತು. ಕಣದ ಮುದುಕಿಯ ಬಲ್ಮೆಗೂ ಈ ಬಲ್ಮೆಗೂ ಜಾತಿ ಒಂದೇ. ಒಂದಕ್ಕೆ ಶಾಲು ಹೊದಿಸಿದೆವು.

ಸರಕಾರದ ‘ಕೃಷಿ ಯಂತ್ರಧಾರೆ’ ಕೇಂದ್ರಗಳು ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತವೆ, ಒಳ್ಳೆಯ ಏರ್ಪಾಟು. ಆದರೆ ಕುಡುಗೋಲು ಕೆಳಗಿಟ್ಟ ಹೆಣ್ಣುಮಕ್ಕಳಿಗೆ ಅವನ್ನು ನಡೆಸುವ, ರಿಪೇರಿ ಮಾಡುವ ವಿದ್ಯೆಯನ್ನು ಕಲಿಸಬಾರದೇಕೆ? ಅವರ ಸಂಘಗಳೇ ಒಂದು ಯಂತ್ರದ ಒಡೆತನ ಪಡೆದರೆ ಉಳಿದ ಹೊತ್ತಿನ ಲಾಭದಲ್ಲಿ ಅವರಿಗೂ ಪಾಲು ಸಿಕ್ಕೀತು. ಇದಕ್ಕೆ ಬೇಕಾದದ್ದು ಸಾಲ ಮತ್ತು ಕೆಲವು ತಿಂಗಳ ತರಬೇತಿ.

ಕೊಪ್ಪಳದ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. ಎತ್ತುಗಳ ಹಿಂದೆ ಕಣ ಸುತ್ತುತ್ತ ಹಾಡುತ್ತಿದ್ದ ಹಂತಿಯ ಪದಗಳನ್ನು ಸಂಗ್ರಹಿಸಲು ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸುವಾಗ, ಹಾಡಿನ ಪಕ್ಕದಲ್ಲಿ ಇನ್ನೆರಡು ಸಂಗತಿಗಳನ್ನೂ ಬರೆದು ತರಲು ಹೇಳಿರಿ: ಹಾಡಿದವರು ಕಾಳಿನ ಹದವನ್ನು ಹೇಗೆ ತಿಳಿಯುತ್ತಿದ್ದರು, ಮತ್ತು ಕಳೆದ ಸುಗ್ಗಿಯಲ್ಲಿ ಅವರ ಮನೆಯವರಿಗೆ ಎಷ್ಟು ದಿನ ಕೂಲಿ ಸಿಕ್ಕಿತು.