ಅಂಗಡಿ ಗೋಡೆಯ ಮೇಲಿನ ಲೈಸೆನ್ಸು



ಗಿಡದ ಮದ್ದು ಮಾರುವ ಅಂಗಡಿಗೆ ಕೃಷಿ ಇಲಾಖೆಯ ಇನ್ಸ್‌ಪೆಕ್ಟರು ಬಂದರೆಂದರೆ ನಮ್ಮಲ್ಲಿ ಅನೇಕರು ಅದನ್ನು ವ್ಯಾಪಾರಿಗೆ ಬಂದ ಕಾಟವೆಂದೇ ಎಣಿಸುತ್ತೇವೆ. ಲೈಸೆನ್ಸು, ರಿಜಿಸ್ಟರು, ಬಿಲ್ಲು, ತಪಾಸಣೆ ಇವೆಲ್ಲ ಸರ್ಕಾರ ಹೊರಿಸಿದ ಹೊರೆ ಎನ್ನುತ್ತೇವೆ. ಕಾಫಿ, ಕಾಳುಮೆಣಸು, ನೇಂದ್ರಬಾಳೆ, ಶುಂಠಿ ನಂಬಿ ಬದುಕುವ ಮೀನಂಗಡಿಯ ನಾವು ಈ ಲೈಸೆನ್ಸು ಯಾಕೆ ಬಂತೆಂಬುದನ್ನು ತಿಳಿಯಬೇಕು. ಅದರ ಹಿಂದೆ ನಮ್ಮ ಕೇರಳದ್ದೇ ಸಾವುಗಳಿವೆ.

1958ರಲ್ಲಿ ಕೇರಳದಲ್ಲೂ ಆಗಿನ ಮದ್ರಾಸು ರಾಜ್ಯದಲ್ಲೂ ವಿಷ ಬೆರೆತ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಹಿಟ್ಟು ಸಾಗಿಸಿದ ಹಡಗಿನಲ್ಲೇ ಫಾಲಿಡಾಲ್ ಎಂಬ ಕೀಟನಾಶಕವನ್ನೂ ಸಾಗಿಸಿದ್ದರು. ಅದು ಸೋರಿ ಆಹಾರಕ್ಕೆ ತಗಲಿತ್ತು. ತನಿಖೆಗೆ ನ್ಯಾಯಮೂರ್ತಿ ಜೆ. ಸಿ. ಶಾ ಅವರ ಆಯೋಗ ನೇಮಕವಾಯಿತು. ಮುಂದೆ 1968ರಲ್ಲಿ ಕೀಟನಾಶಕ ಕಾಯ್ದೆ, 1971ರಲ್ಲಿ ಅದರ ನಿಯಮಗಳು ಬಂದವು. ಕಾಯ್ದೆ ಕೇಂದ್ರದ್ದಾದರೂ ಮಾರಾಟಕ್ಕೆ ಲೈಸೆನ್ಸು ಕೊಡುವ, ಅಂಗಡಿ ತಪಾಸಣೆ ಮಾಡುವ ಹೊಣೆ ಮುಖ್ಯವಾಗಿ ರಾಜ್ಯ ಸರ್ಕಾರದ್ದು.

ಮನುಷ್ಯರು ಅಥವಾ ದನಕರುಗಳು ತಿನ್ನುವ ವಸ್ತು ಇರುವ ಕಟ್ಟಡದಲ್ಲಿ ಬೆಳೆಯ ಕೀಟನಾಶಕ ಇಡಕೂಡದೆಂದು ನಿಯಮವಿದೆ. 1958ರ ದುರಂತವನ್ನು ನೆನೆದರೆ ಇದರ ಅರ್ಥ ತಾನೇ ತಿಳಿಯುತ್ತದೆ. ಇನ್ಸ್‌ಪೆಕ್ಟರು ಸಂಶಯವಿದ್ದ ಮದ್ದಿನ ಮಾದರಿ ತೆಗೆದು ಮೂರು ಭಾಗ ಮಾಡುತ್ತಾರೆ. ಒಂದು ಅಂಗಡಿಯವರಿಗೆ, ಒಂದು ಪ್ರಯೋಗಾಲಯಕ್ಕೆ, ಒಂದು ಕೋರ್ಟಿಗೆ. ವ್ಯಾಪಾರಿಗೂ ಅನ್ಯಾಯವಾಗಬಾರದೆಂಬ ವ್ಯವಸ್ಥೆ ಇದು. ಸಾಲ ಮಾಡಿ ತಂದ ಮದ್ದು ಕಲಬೆರಕೆಯಾದರೆ ಮೊದಲು ನಷ್ಟವಾಗುವುದು ರೈತನಿಗೇ.

ಆದರೆ ನಿಯಮ ಪುಸ್ತಕದಲ್ಲಿದ್ದರೆ ಸಾಲದು. ಇದಕ್ಕೆ ಕಾಸರಗೋಡೇ ಸಾಕ್ಷಿ. ಅಲ್ಲಿನ ಗೇರು ತೋಟಗಳಿಗೆ ಸರ್ಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ 2000ದವರೆಗೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಸಿಂಪಡಣೆಗೆ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು, ಜನ ಜಾನುವಾರುಗಳನ್ನು ದೂರವಿಡಬೇಕು ಎಂದು 1971ರ ನಿಯಮಗಳು ಹೇಳುತ್ತಿದ್ದವು. ಆದರೂ ಮನೆ, ಬಾವಿ, ತೋಡುಗಳ ಮೇಲೆ ವಿಷ ಬಿತ್ತು. ಎಣ್ಮಕಜೆಯ ಕನ್ನಡಿಗರ ಮನೆಗಳಲ್ಲೂ ಮಕ್ಕಳು ಅಂಗವಿಕಲರಾಗಿ ಹುಟ್ಟಿದರು. ಸರ್ಕಾರದ ತಪಾಸಣೆ ಎಚ್ಚರಿಸುವ ಮೊದಲೇ ಎಚ್ಚರಿಸಿದವರು ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ, ಮತ್ತು ಕೋರ್ಟು ಮೆಟ್ಟಲೇರಿದ ಪೆರಿಯದ ಲೀಲಾಕುಮಾರಿ ಅಮ್ಮ. ಸುಪ್ರೀಂ ಕೋರ್ಟು ದೇಶಾದ್ಯಂತ ಎಂಡೋಸಲ್ಫಾನ್ ತಡೆದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದದ್ದು 2017ರಲ್ಲಿ. ಕಳೆದುಹೋದ ಆರೋಗ್ಯ ಯಾವ ಹಣದಿಂದಲೂ ಮರಳಿ ಬರಲಿಲ್ಲ.

ಇನ್ಸ್‌ಪೆಕ್ಟರು ಕೈ ಬಿಸಿ ಮಾಡಿಸಿಕೊಂಡು ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಆದರೆ ಕಾವಲುಗಾರ ನಿದ್ದೆ ಹೋದನೆಂದು ಯಾರೂ ಬೇಲಿ ಕಿತ್ತು ಹಾಕುವುದಿಲ್ಲ, ಕಾವಲುಗಾರನನ್ನು ಎಬ್ಬಿಸುತ್ತಾರೆ. ಎಬ್ಬಿಸುವ ಕೆಲಸ ನಮ್ಮದು.

ಲೈಸೆನ್ಸು ಇರುವ ಅಂಗಡಿಯಲ್ಲೇ ಮದ್ದು ಕೊಳ್ಳೋಣ, ಬಿಲ್ಲು ಕೇಳಿ ಪಡೆಯೋಣ. ಬಿಲ್ಲಿಲ್ಲದೆ ದೂರು ನಿಲ್ಲುವುದು ಕಷ್ಟ. ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡೋಣ: ಕೆಂಪು ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರೆಂದರೂ ವಿಷವೇ. ಬಿಡಿಯಾಗಿ ಬಾಟಲಿಗೆ ಸುರಿದು ಕೊಟ್ಟ ಮದ್ದನ್ನು ಮುಟ್ಟುವುದು ಬೇಡ. ಸಂಶಯ ಬಂದರೆ ಕೃಷಿಭವನಕ್ಕೆ ಬರೆದು ಕೊಡೋಣ.

ಇನ್ನೊಂದು ಮಾತು. ಫ್ಯೂರಡಾನ್, ಫೊರೇಟ್ ಮುಂತಾದ ಕೆಲವು ವಿಷಗಳನ್ನು ಕೇರಳ ಸರ್ಕಾರ 2011ರಲ್ಲಿ ನಿಷೇಧಿಸಿತು. ಇಲ್ಲಿ ಸಿಗದ್ದನ್ನು ಗಡಿಯಾಚೆಯಿಂದ ತಂದು ಬಾಳೆಯ ಬುಡಕ್ಕೆ ಹಾಕುವುದು ಜಾಣತನವಲ್ಲ. ನಮ್ಮ ತೋಡುಗಳ ನೀರು ಕಬಿನಿ ಸೇರಿ ಹೆಗ್ಗಡದೇವನಕೋಟೆ, ನಂಜನಗೂಡಿನತ್ತ ಹರಿಯುತ್ತದೆ. ಶುಂಠಿ ಬೆಳೆಯಲು ಮೈಸೂರು, ಕೊಡಗಿನಲ್ಲಿ ಗದ್ದೆ ಗೇಣಿಗೆ ಹಿಡಿಯುವ ನಮ್ಮವರು ಅಲ್ಲಿಯ ಬಾವಿಯನ್ನೂ ತಮ್ಮ ಮನೆಯ ಬಾವಿಯೆಂದೇ ಕಾಯಬೇಕು. ಅಲ್ಲಿ ಮದ್ದು ಹೊಡೆಯುವ ಕೂಲಿಯಾಳೂ ಒಂದು ಮನೆಯ ಆಧಾರ.

ಸರ್ಕಾರದಿಂದ ನಾವು ಕೇಳುವುದು ಇಷ್ಟೆ: ತಪಾಸಣೆ ಕಾಲಕಾಲಕ್ಕೆ ನಡೆಯಲಿ, ಮಾದರಿಯ ಫಲಿತಾಂಶವನ್ನು ಕೃಷಿಭವನದ ಬೋರ್ಡಿನಲ್ಲಿ ಎಲ್ಲರೂ ಓದುವಂತೆ ಹಾಕಲಿ. ಮುಂದಿನ ಸಲ ಪೇಟೆಗೆ ಹೋದಾಗ ಅಂಗಡಿಯ ಗೋಡೆಯತ್ತ ಒಮ್ಮೆ ಕಣ್ಣೆತ್ತಿ ನೋಡಿ. ಲೈಸೆನ್ಸು ಕಾಣದಿದ್ದರೆ ವಿಚಾರಿಸಿ.